ಮೇಪಲ್ ಸವರುವ ದಿನ

ಅಂಗಳದ ಮೇಪಲ್ ಮರ ಕೆಂಪೆಲೆಗಳನ್ನೆಲ್ಲ ಉದುರಿಸಿ ಬೋಳಾಗಿತ್ತು. ಕೊಂಬೆ ಸವರುವುದಕ್ಕೆ ಇದೇ ಹದ. ಚಿಗುರುವಾಗ ಕೊಯ್ದರೆ ಗಾಯದಿಂದ ರಸ ಸೋರುತ್ತದೆಂದು ಸಾಕಮ್ಮನಿಗೆ ಕಲಿಸಿದವನು ಗಂಡನೇ. ಗಿರಿಧಾಮದ ತೋಟದಲ್ಲಿ ಮಾಲಿಯಾಗಿದ್ದವನು ಈಗ ಮರೆವಿನ ಕಾಯಿಲೆ ಹಿಡಿದು, ಕಂಬಳಿ ಹೊದ್ದು ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಹೆತ್ತ ಮಗಳ ಹೆಸರೂ ಮರೆತಿದ್ದ. ಆದರೆ ಮರಕ್ಕೆ ಯಾರಾದರೂ ತಪ್ಪಾಗಿ ಕೈಹಾಕಿದರೆ ಮಾತ್ರ ಉರಿದುಬೀಳುತ್ತಿದ್ದ.

ಹೋದ ವರ್ಷ ಸಾಕಮ್ಮ ಕೊಂಬೆ ಕೊಯ್ಯುವಾಗ ಬೇಕೆಂದೇ ಗರಗಸವನ್ನು ಕಾಂಡಕ್ಕೆ ಒತ್ತಿ ಹಿಡಿದಿದ್ದಳು.

"ಏ ಸಾಕಿ! ಕೊಂಬೆ ಬುಡದ ಉಬ್ಬು ಬಿಟ್ಟು ಕೊಯ್ಯೇ! ಗಾಯ ಮಾಯೋದು ಬೇಡ್ವಾ? ನಿನ್ನ ತಲೇಲಿ ಇರೋದು ಗೊಬ್ಬರಾನಾ?"

ಆ ಬೈಗುಳವನ್ನೇ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಅವಳು ವರ್ಷ ದೂಡಿದ್ದಳು.

ಇವತ್ತೂ ಗರಗಸವನ್ನು ಕಾಂಡಕ್ಕೆ ಒತ್ತಿ ಹಿಡಿದು ಬೈಗುಳಕ್ಕೆ ಕಾದಳು.

"ನೋಡ್ರೀ, ಇಲ್ಲೇ ಕೊಯ್ದುಬಿಡ್ತೀನಿ," ಎಂದು ಕೂಗಿದಳು.

ಅವನು ಮರವನ್ನು ನೋಡಿದ. ಅವಳನ್ನೂ ನೋಡಿದ. ಆಮೇಲೆ ಮೆಲ್ಲಗೆ ನಕ್ಕ.

"ಕೊಯ್ಯಿರಿ ತಾಯಿ, ಕೈ ಚೆನ್ನಾಗಿ ಪಳಗಿದೆ. ಯಾರಮ್ಮ ನಿಮಗೆ ಕಲಿಸಿದ್ದು?"