ಸೊಸೆಯ ಪಾತ್ರದ ಮೂರು ಪ್ರತಿ

ಖಾಸಬಾಗದ ಕೊರಿಯರ್ ಅಂಗಡಿಯವನು ರಸೀದಿಯ ನಡುವೆ ಕಾರ್ಬನ್ ಹಾಳೆ ಇಟ್ಟಾಗಲೆಲ್ಲ ಅದರ ಮೇಣದ ವಾಸನೆಗೆ ನನಗೆ ನಮ್ಮೂರು ಖಾನಾಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಊರಿನ ಗಂಡಸರಿಗೆ ನಾಟಕ ಕಲಿಸುತ್ತಿದ್ದ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ನಟಿಯನ್ನು ಕರೆಸುತ್ತಿದ್ದರು. ನಮ್ಮೂರ ಹೆಂಗಸರು ರಂಗ ಹತ್ತುವಂತಿರಲಿಲ್ಲ. ಆದರೆ ಮಾತುಗಳ ಪ್ರತಿ ತೆಗೆಯುವ ಕೆಲಸ ಅವ್ವನದು, ಅವಳ ಅಕ್ಷರ ದುಂಡಗಿತ್ತು. ಎರಡು ಕಾರ್ಬನ್ ಇಟ್ಟು ಒತ್ತಿ ಬರೆದರೆ ಮೂರು ಪ್ರತಿ. ಅವಳ ಬೆರಳ ತುದಿ ಸದಾ ನೀಲಿ.

ಆ ದಿನ ಅವ್ವ ಬರೆದ ಸೊಸೆಯ ಪಾತ್ರ ಓದುತ್ತಿದ್ದ ಅಪ್ಪ ತಟ್ಟನೆ ನಿಲ್ಲಿಸಿದ. ನಾಟಕದಲ್ಲಿ ಗಂಡ ಕಪಾಳಕ್ಕೆ ಹೊಡೆದ ಮೇಲೆ ಸೊಸೆ "ತಪ್ಪಾಯಿತು ಸ್ವಾಮಿ" ಎನ್ನಬೇಕಿತ್ತು. ಅಲ್ಲಿ ಅವ್ವ "ನನ್ನದೇನು ತಪ್ಪು?" ಎಂದು ಬರೆದಿದ್ದಳು.

"ಇದನ್ನ ಯಾರು ಬರಿ ಅಂದ್ರು ನಿನಗ?"

"ಆಕಿ ಏನೂ ಮಾಡಿಲ್ಲಲ್ರೀ. ಒಮ್ಮೆರೆ ಕೇಳಲಿ ಅಂತ ಬರದ್ನಿ."

"ಹೆಣ್ಮಗಳು ಹಿಂಗ ಕೇಳಿದ್ರ ಮಂದಿ ಎದ್ದು ಹೋಗ್ತಾರ."

ಅವ್ವ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. "ತಪ್ಪಾತ್ರಿ," ಎಂದಳು.

ಅಪ್ಪ ಮೂರೂ ಹಾಳೆ ಹರಿದ. ಅವ್ವ ಹೊಸ ಹಾಳೆಗಳ ನಡುವೆ ಕಾರ್ಬನ್ ಜೋಡಿಸಿ, ನಾಟಕದ ಪುಸ್ತಕವನ್ನು ನನ್ನ ಕೈಗಿಟ್ಟಳು.

"ನೀ ಓದವಾ, ನಾ ಬರಕೋತೀನಿ."

ಆಗಷ್ಟೇ ಓದಲು ಕಲಿತಿದ್ದ ನಾನು ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದೆ: "ತಪ್ಪಾಯಿತು ಸ್ವಾಮಿ."

"ಭೇಷ್! ಎಷ್ಟು ಚಂದ ಓದ್ತಾಳ ನೋಡು ನನ್ನ ಮಗಳು," ಎಂದ ಅಪ್ಪ.

ಅವ್ವ ತಲೆ ಎತ್ತದೆ ಬರೆಯುತ್ತಿದ್ದಳು. ನಾನು ಹಿಗ್ಗಿ, ಯಾರೂ ಕೇಳದಿದ್ದರೂ ಅದೇ ಸಾಲನ್ನು ಇನ್ನೊಮ್ಮೆ ಓದಿದೆ.