ಕುದುರೆಯ ಮನೆ

ಬೀಳಗಿಯ ಚೆಸ್ ಆಯ್ಕೆ ಪಂದ್ಯದಲ್ಲಿ ಮಾಯಾ ಹಲಗೆಯ ಮೇಲಿಟ್ಟ ಕುದುರೆಯನ್ನು ತೆಗೆಸಿ, ಅಲ್ಲಿ ಮಂತ್ರಿಯನ್ನು ಇಡಿಸಲಾಯಿತು. ಆಮೇಲೆ ಅವಳು ಸೋತಳು. ಗೆದ್ದವನು ಮನೋಜ.

ಇಟ್ಟು ಕೈಬಿಟ್ಟ ಕಾಯಿಯನ್ನು ಬದಲಿಸುವಂತಿಲ್ಲ ಎಂಬ ನಿಯಮ ಆ ದಿನ ಅಂಪೈರ್ ಮಾಸ್ತರರಿಗೆ ನೆನಪಾಗಲಿಲ್ಲ. ನಗುವುದು ಮಾತ್ರ ಎಲ್ಲರಿಗೂ ನೆನಪಾಯಿತು. ಕಾಲಾಳು ಎದುರಿನ ತುದಿ ಮುಟ್ಟಿದರೆ ಲೋಕವೆಲ್ಲ ಮಂತ್ರಿ ಮಾಡಿಕೊಳ್ಳುತ್ತದೆ. ಈ ಹುಡುಗಿ ಕುದುರೆ ಮಾಡಿಕೊಂಡಳಲ್ಲ! ತಪ್ಪು ಅವಳದಲ್ಲ, ಅವಳಪ್ಪ ಕರೆಪ್ಪನದು. ಹುನ್ನೂರಿನ ಆಚೆ ಕುರಿ ಮೇಯಿಸುತ್ತ, ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಮನೆ ಎಳೆದು ಅವನಪ್ಪ ಕಲಿಸಿದ ಆಟವನ್ನೇ ಅವನು ಮಗಳಿಗೆ ಕಲಿಸಿದ್ದ. ಅವರ ಆಟದಲ್ಲಿ ಕಾಲಾಳು ಯಾವ ಕಾಯಿಯ ಮನೆ ಹೊಕ್ಕಿತೋ ಆ ಕಾಯಿಯೇ ಆಗುತ್ತದೆ. ಆನೆಯ ಮನೆ ಹೊಕ್ಕರೆ ಆನೆ. ಕುದುರೆಯ ಮನೆ ಹೊಕ್ಕರೆ ಕುದುರೆ.

ಇಟ್ಟ ಕಾಯಿ ಬದಲಿಸಿ ಆಡಿಸಿದ್ದು ಅನ್ಯಾಯ ಎಂದು ಆಮೇಲೆ ಜನ ಆಡಿಕೊಂಡರು. ಆ ಬಾಯಿ ಮುಚ್ಚಿಸಲು ಜಮಖಂಡಿಯಲ್ಲಿ ಇಬ್ಬರಿಗೂ ಮತ್ತೊಂದು ಆಟ ಇಟ್ಟರು. ಐದು ನಿಮಿಷದ ಗಡಿಯಾರ. ಗೆದ್ದವರು ತಂಡದ ಜೊತೆ ಧಾರವಾಡಕ್ಕೆ. ಮನೋಜನ ಹೆಸರು ಹೊಲಿದ ತಂಡದ ಅಂಗಿ ಆಗಲೇ ತಯಾರಾಗಿತ್ತು. ಅವನು ಅದನ್ನೇ ತೊಟ್ಟು ಬಂದಿದ್ದ.

ಮನೋಜನ ಅಪ್ಪ ಬಾಳೇಶ ಸಾಹುಕಾರರು. ಬನಹಟ್ಟಿಯಲ್ಲಿ ಅವರದು ಮಗ್ಗಗಳ ಶೆಡ್ಡು. ಅಲ್ಲಿ ಮಗ್ಗ ನಡೆಸುವವನು ಕರೆಪ್ಪ. ಸಾಹುಕಾರರು ಕಾಲೇಜು ದಿನಗಳಿಂದ ಚೆಸ್ ಬಲ್ಲವರು. ಅದೇ ಆಟ ಮತ್ತೆ ಆಡಬೇಡ ಎಂದು ಗೆದ್ದು ಬಂದ ಮಗನಿಗೆ ಬುದ್ಧಿ ಹೇಳಲು ಮಾತ್ರ ಅವರಿಂದ ಆಗಿರಲಿಲ್ಲ. ಬೀಳಗಿಯಲ್ಲಿ ಅವರು ಮೊದಲ ಸಲ ಕರೆಪ್ಪನ ಹೆಗಲ ಮೇಲೆ ಕೈ ಇಟ್ಟಿದ್ದರು. ಇವತ್ತೂ ಇಟ್ಟರು.

"ಲೇ ಕರೆಪ್ಪಾ, ಇವತ್ತೂ ನನ್ನ ಬಾಜೂಕನ ನಿಲ್ಲು. ದೂರ ಹೋಗಬ್ಯಾಡ."

"ಹೂಂರಿ."

"ಮಗಳಿಗಿ ಬುದ್ಧಿ ಹೇಳೀ ಇಲ್ಲೋ? ನಿನ್ನ ಮಗ್ಗಕ್ಕ ಇನ್ನೊಬ್ಬ ಬಾಗಲಾಗ ಕಾಯಾಕತ್ತಾನ, ನೆನಪಿರ್ಲಿ."

"ಅಕಿ ತನ್ನ ತಪ್ಪು ತಾನ ತಿದ್ಕೊಂಡಾಳಂತರಿ."

ಸಾಹುಕಾರರು ನಕ್ಕರು.

ಕರೆಪ್ಪ ಸುಳ್ಳು ಹೇಳಿರಲಿಲ್ಲ. ಬೀಳಗಿಯಿಂದ ಬಂದಾಗಿನಿಂದ ಮಾಯಾ ಸೋತ ಆಟವನ್ನೇ ದಿನಾ ಹರಡಿಕೊಂಡು ಕೂರುತ್ತಿದ್ದಳು.

"ಸೋತದ್ದನ್ನ ಯಾಕವಾ ಆಡ್ತಿ? ಹೊಸಾದು ಆಡು," ಎಂದಿದ್ದ ಅವನು.

"ಅವ ಅದನ್ನ ಆಡ್ತಾನಪಾ. ಗೆದ್ದಾನಲ್ಲ, ಯಾಕ ಬದಲಿ ಮಾಡ್ತಾನ?"

"ಮತ್ತ ನೀ?"

"ನಾನೂ ಅದನ್ನ. ಒಂದ ತಪ್ಪು ಬಿಟ್ಟು."

ಯಾವ ತಪ್ಪು ಎಂದು ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ.

ಗಡಿಯಾರ ಒತ್ತಿದ್ದೇ ತಡ, ಇಬ್ಬರ ಕೈಗಳೂ ಹಾರಾಡಿದವು. ಬಿಳಿ ಕಾಯಿ ಮನೋಜನವು. ಬೀಳಗಿಯಲ್ಲಿ ಆಡಿದ್ದನ್ನೇ ಅವನು ಕಣ್ಣು ಮುಚ್ಚಿ ಆಡಿದ. ಮಾಯಾ ಒಂದು ಕಾಲಾಳು ಬಿಟ್ಟುಕೊಟ್ಟಳು. ಒಂಟೆಯನ್ನೂ ಬಿಟ್ಟುಕೊಟ್ಟಳು. ಅವನು ಗಬಕ್ಕನೆ ತಿಂದ.

"ಉಂಟಿ ಹೋತು ನೋಡಲೇ!" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

ಆಗ ಅವಳ ಇನ್ನೊಂದು ಕಾಲಾಳು ರಾಜನ ಮಗ್ಗುಲಿಗೆ ನುಗ್ಗಿ ಶಹ ಕೊಟ್ಟಿತು. ರಾಜ ಒಂದು ಮನೆ ಮುಂದೆ ಸರಿದ. ಅದೇ ಕಾಲಾಳು ಮನೋಜನ ಕುದುರೆಯನ್ನು ತಿಂದು, ಆ ಕುದುರೆಯ ಮನೆಯಲ್ಲೇ ನಿಂತಿತು.

ಮಾಯಾ ಕಾಲಾಳನ್ನು ತೆಗೆದಳು. ಅಲ್ಲಿ ಕುದುರೆ ಇಟ್ಟಳು. ಗಡಿಯಾರ ಒತ್ತಿದಳು.

ಸಭಾಂಗಣ ಗೊಳ್ಳೆಂದಿತು.

"ಮತ್ತ ಕುದುರಿನ!"

"ಕುರಿ ಕಾಯೋರಿಗೆ ಕುದುರಿ ಹತ್ತೂ ಆಸೆ ಹೋಗಂಗಿಲ್ಲ ಬಿಡಪಾ!"

ಕರೆಪ್ಪ ಹಣೆ ಚಚ್ಚಿಕೊಂಡ. ಅದೇ ತಪ್ಪು. ಇಷ್ಟು ದಿನ ಹಲಗೆ ಹರಡಿಕೊಂಡು ಕೂತು ಈ ಹುಡುಗಿ ಕಲಿತದ್ದಾದರೂ ಏನು?

ಸಾಹುಕಾರರು ಮಾತ್ರ ನಗಲಿಲ್ಲ. ಅವರ ಬೆರಳುಗಳು ಕರೆಪ್ಪನ ಹೆಗಲಿಗೆ ನಾಟಿದವು.

"ಹೇಳಲೇ. ಮಂತ್ರಿ ಮಾಡ್ಕೊಳ್ಳಾಕ ಹೇಳು. ಪಾಪ, ಹುಡುಗಿ ಸೋಲತೈತಿ. ಮಾಸ್ತರ ಏನೂ ಅನ್ನಂಗಿಲ್ಲ."

ಮಾಸ್ತರರು ಆಗಲೇ ಮುಖ ತಿರುಗಿಸಿ ಕಿಟಕಿ ನೋಡುತ್ತಿದ್ದರು.

ಎದುರಾಳಿಯ ಅಪ್ಪನಿಗೆ ನನ್ನ ಮಗಳ ಮಂತ್ರಿಯ ಮೇಲೆ ಇಷ್ಟು ಅಕ್ಕರೆ ಯಾಕೆ? ಕರೆಪ್ಪ ಹಲಗೆಯತ್ತ ಬಗ್ಗಿದ. ಆ ಮನೆಯಲ್ಲಿ ಮಂತ್ರಿ ನಿಂತರೆ ರಾಜನಿಗೆ ಶಹ ಇಲ್ಲ. ಮನೋಜ ತನಗೆ ಬೇಕಾದ್ದನ್ನು ತಿಂದು ಉಳಿಯುತ್ತಾನೆ. ಕುದುರೆ ನಿಂತರೆ ಅದರ ಜಿಗಿತ ನೇರ ರಾಜನ ಮೇಲೆ. ಶಹ. ಮನೋಜನ ಕೈ ಗಾಳಿಯಲ್ಲಿ ನಿಂತಿತ್ತು. ಹೊಸ ಅಂಗಿಯ ಕಂಕುಳು ಒದ್ದೆಯಾಗಿತ್ತು. ಬೀಳಗಿಯಲ್ಲೂ ಕಾಯಿಗಳು ಹೀಗೇ ನಿಂತಿದ್ದವು. ಆ ದಿನ ಕರೆಪ್ಪ ಹಲಗೆಯನ್ನು ನೋಡಿಯೇ ಇರಲಿಲ್ಲ.

ಇವಳು ಗೆದ್ದರೂ ಆ ಅಂಗಿಯ ಮೇಲಿನ ಹೆಸರು ಬದಲಾಗುವುದಿಲ್ಲ. ಮಾಸ್ತರರಿಗೆ ಬೇರೊಂದು ನಿಯಮ ಥಟ್ಟನೆ ನೆನಪಾಗುತ್ತದೆ. ಸೋಮವಾರ ಕರೆಪ್ಪನ ಮಗ್ಗದ ಮುಂದೆ ಇನ್ನೊಬ್ಬ ನಿಲ್ಲುತ್ತಾನೆ. ಇಷ್ಟೂ ಅವನಿಗೆ ಗೊತ್ತಿತ್ತು.

ಮಾಯಾ ಹಲಗೆಯನ್ನು ನೋಡುತ್ತಿರಲಿಲ್ಲ. ಮನೋಜನನ್ನೂ ನೋಡುತ್ತಿರಲಿಲ್ಲ. ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು.

"ಟೈಮ್ ಹೊಂಟೈತಿ, ಬಾಯಿ ಬಿಡಲೇ! ಅಕಿ ನಿನ್ನ ಮಾತ ಕೇಳ್ತಾಳ!"

"ಕೇಳ್ತಾಳ್ರಿ. ಬೀಳಗ್ಯಾಗ ನೀವು ಹೇಳಂದ್ರಿ, ನಾನ ಒದರಿ ಹೇಳಿದೆ, ನನ್ನ ಮಾತ ಕೇಳೇ ಅಕಿ ಕುದುರಿ ತಗದಳು," ಎಂದ ಕರೆಪ್ಪ. "ಇವತ್ತ ಹೇಳಂಗಿಲ್ರಿ."