ಕೆಳಗಿನ ಚಿಲಕ

ಬೇಕೆಂದೇ ತಪ್ಪು ಮಾಡುವುದು ಒಳ್ಳೆಯ ಬಡಗಿಗೆ ಬಲು ಕಷ್ಟದ ಕೆಲಸ. ಎಳ್ಳುಕಾಳಿನಷ್ಟು ಹಿತ್ತಾಳೆ ಚೂರನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಅವನು ಪುಟ್ಟ ಹಡಗಿನ ಕೆಳ ಅಂತಸ್ತಿನ ಬಾಗಿಲಿಗೆ ಹೊರಗಿನಿಂದ ಅಂಟಿಸಿದ. ಮೇಲಿನ ಚಿಲಕ ಹಾಕಿದೆ, ಕೆಳಗಿನದು ತೆರೆದಿದೆ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ನೋಡಿದ. ಸರಿಯಾಗಿ ಕೂತಿತ್ತು. ಬೋನು ಸಿದ್ಧವಾಗಿತ್ತು, ಇಲಿ ಬರುವುದು ನಾಲ್ಕು ಗಂಟೆಗೆ.

ಐವತ್ತು ವರ್ಷಗಳ ಹಿಂದೆ ಕಾಳಗದಲ್ಲಿ ಮುಳುಗಿದ ಯುದ್ಧನೌಕೆ ಅದು. ವಸ್ತುಸಂಗ್ರಹಾಲಯದವರಿಗೆ ಅದರ ಮರದ ಮಾದರಿ ಬೇಕಿತ್ತು: ನಾಲ್ಕಡಿ ಉದ್ದ, ಒಳಗಿನ ಕೋಣೆಗಳೆಲ್ಲ ಕಾಣುವಂತೆ ಒಂದು ಪಕ್ಕೆ ತೆರೆದದ್ದು. ಬಡಗಿ ಒಪ್ಪಿಕೊಂಡದ್ದು ಕೂಲಿಯ ಆಸೆಗಲ್ಲ. ಅವನಿಗೆ ಕಸುಬು ಕಲಿಸಿದ ಅಪ್ಪ ಆ ಹಡಗಿನಲ್ಲೇ ಮರಗೆಲಸಕ್ಕಿದ್ದವರು, ಬದುಕಿ ಬಂದರು. ಚಿಕ್ಕಪ್ಪ ಬರಲಿಲ್ಲ. ಕೆಳ ಅಂತಸ್ತಿನ ಕೋಣೆಯಲ್ಲಿ ಒಂಬತ್ತು ಜನ ಸಿಕ್ಕಿಬಿದ್ದರು, ಸ್ಫೋಟಕ್ಕೆ ಬಾಗಿಲು ಬಿಗಿದುಕೊಂಡಿತ್ತು ಎಂದು ಸರ್ಕಾರದ ವರದಿ ಹೇಳಿತು. ಅಜ್ಜಿ ಅದನ್ನು ಎಂದೂ ನಂಬಲಿಲ್ಲ. "ಯಾವನೋ ಪಾಪಿ ಹೊರಗಿಂದ ಹಾಕಿದ್ದಾನೆ. ಅವನನ್ನ ಹುಡುಕು ಮಗಾ," ಎಂದು ಮೊಮ್ಮಗನ ಕೈ ಹಿಡಿದೇ ಕಣ್ಣು ಮುಚ್ಚಿದಳು. ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಅಜ್ಜಿಯ ಮಾತು ಸುಳ್ಳಾಗಲಿಲ್ಲ. ಕಳೆದ ವರ್ಷ ಸಮುದ್ರದ ತಳದಲ್ಲಿ ಹಡಗು ಸಿಕ್ಕಿತು. ಮುಳುಗುಗಾರರು ತೆಗೆದ ಫೋಟೊ ಒಂದರಲ್ಲಿ ಆ ಬಾಗಿಲಿತ್ತು. ನೀರು ನುಗ್ಗಿದರೆ ಮುಚ್ಚಲೆಂದು ಹೊರಗೆ ಎರಡು ಚಿಲಕ. ಅದರಲ್ಲಿ ಕೆಳಗಿನದು ಭದ್ರವಾಗಿ ಹಾಕಿತ್ತು. ಫೋಟೊ ನೋಡಿದವರು ಸಂಗ್ರಹಾಲಯದ ಅಧಿಕಾರಿ ಮತ್ತು ಬಡಗಿ, ಇಬ್ಬರೇ. ಅಪ್ಪನಿಗೆ ತೋರಿಸಲು ಮನಸ್ಸು ಬರಲಿಲ್ಲ. "ಮುಳುಗಿದ್ದು ಮುಳುಗಿಯೇ ಇರ್ಲಿ, ಕೆದಕಬೇಡ," ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಒಡಹುಟ್ಟಿದವನನ್ನು ಕಳೆದುಕೊಂಡವರ ಸಂಕಟ ಎಂದು ಮಗ ಸುಮ್ಮನಾದ.

ಫೋಟೊ ನೋಡಿದ ಇಬ್ಬರನ್ನು ಬಿಟ್ಟರೆ ಯಾವ ಚಿಲಕ ಬಿತ್ತೆಂದು ಬಲ್ಲವನು ಒಬ್ಬನೇ. ಹಾಕಿದವನು.

ಹಡಗಿನಲ್ಲಿದ್ದವರು ಯಾರಾದರೂ ಇದ್ದರೆ ಬಂದು ನೆರವಾಗಿ ಎಂದು ಸಂಗ್ರಹಾಲಯ ಪ್ರಕಟಣೆ ಕೊಟ್ಟಾಗ ಬಂದವನು ಒಬ್ಬ ಕೆಮ್ಮುವ ಮುದುಕ. ಹೆಸರು ಕೇಳಿದರೆ "ಹಡಗಿನೋನು ಅನ್ನಿ, ಸಾಕು," ಎಂದ. ಬಡಗಿಯ ಮನೆಯಲ್ಲೇ ಇದ್ದ ಕೆಲಸದ ಕೋಣೆಯ ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ. ಹೊಸ್ತಿಲ ಪಕ್ಕದಲ್ಲೇ ಕುರ್ಚಿ ಎಳೆದುಕೊಳ್ಳುತ್ತಿದ್ದ. ಬಡಗಿಯ ಹೆಂಡತಿ ಅವನಿಗೆ ಹೊಸ್ತಿಲಜ್ಜ ಎಂದು ಹೆಸರಿಟ್ಟಳು. ಓಡಲು ದಾರಿ ನೋಡಿಕೊಂಡು ಕೂತಿದ್ದಾನೆ ಎಂದುಕೊಂಡ ಬಡಗಿ. ಮುದುಕನ ಬಲಗೈಯ ಮೂರು ಬೆರಳಿಗೆ ಉಗುರೇ ಇರಲಿಲ್ಲ. ಮೊದಲ ದಿನ ಬಡಗಿ ಹಲಗೆಯೊಂದನ್ನು ಕೂರಿಸಿ ಎಂದಿನಂತೆ ಎರಡು ಸಲ ತಟ್ಟಿದಾಗ ಮುದುಕನ ಮುಖ ಸುಣ್ಣದಂತೆ ಬಿಳಿಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಬಡಗಿ ಕಂಡಿದ್ದ. ಇನ್ನು ಅಪ್ಪನೋ, ಆ ಕೆಮ್ಮು ಅಂಗಳದಲ್ಲಿ ಕೇಳಿದರೆ ಸಾಕು, ಕೋಲೂರಿಕೊಂಡು ಒಳಕೋಣೆ ಸೇರಿಬಿಡುತ್ತಿದ್ದರು. ಮೂರು ವಾರದಲ್ಲಿ ಒಮ್ಮೆಯೂ ಎದುರಾಗಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮುದುಕ ಬಂದ. ಭೂತಗನ್ನಡಿ ಹಿಡಿದು ಬಾಗಿದ. ಬಹಳ ಹೊತ್ತು ಏಳಲಿಲ್ಲ.

"ಇದು ತಪ್ಪು."

"ಯಾವುದು?"

"ಮೇಲಿನ ಚಿಲಕ ಹಾಕಿರಲಿಲ್ಲ. ಹಾಕಿದ್ದು ಕೆಳಗಿಂದು."

ಮೇಜಿನ ಮೇಲಿದ್ದ ಉಳಿ ಬಡಗಿಯ ಕೈಗೆ ಬಂತು. ನಾಲ್ಕು ಹೆಜ್ಜೆ ನಡೆದು ಕೋಣೆಯ ಬಾಗಿಲು ಮುಚ್ಚಿದ, ಬೆನ್ನು ಕೊಟ್ಟು ನಿಂತ.

ಮುದುಕ ಬೆವೆತುಹೋದ. "ಬಾಗಿಲು ತೆಗೀರಿ. ದಮ್ಮಯ್ಯ ಅಂತೀನಿ."

"ಆ ಒಂಬತ್ತು ಜನಾನೂ ಹೀಗೇ ಬೇಡ್ಕೊಂಡಿರಬೇಕು. ಒಳಗಿದ್ದೋರಲ್ಲಿ ಒಬ್ಬ ನಮ್ಮ ಚಿಕ್ಕಪ್ಪ. ಹೊರಗೆ ನಿಂತವನಿಗೆ ಮಾತ್ರ ಗೊತ್ತಿರೋ ಸಂಗತಿ ನಿಮಗೆ ಹೇಗೆ ಗೊತ್ತಾಯ್ತು?"

ಮುದುಕ ಕುರ್ಚಿಯ ಅಂಚು ಹಿಡಿದುಕೊಂಡ.

"ಹೊರಗೆ ನಿಂತವನಿಗೆ ಕಾಣುತ್ತೆ. ಒಳಗಿದ್ದವನಿಗೆ ಕೇಳುತ್ತೆ."

ಬಡಗಿಯ ಕೈಯಲ್ಲಿ ಉಳಿ ಹಾಗೇ ನಿಂತಿತು.

"ಒಳಗೆ ಕತ್ತಲು. ಮೊಣಕಾಲುದ್ದ ನೀರು. ನಾನು ಬಾಗಿಲಿಗೆ ಅಂಟಿಕೊಂಡಿದ್ದೆ. ಪಾದದ ಹತ್ತಿರ ಕಬ್ಬಿಣ ಜಾರಿದ್ದು ಕೇಳಿಸ್ತು. ಕೂಗಿದೆ, ಹೆಸರು ಹಿಡಿದು ಕೂಗಿದೆ. ಉಗುರು ಕಿತ್ತು ಬರೋ ಹಾಗೆ ಗೀಚಿದೆ. ಅವನು ತೆಗೀಲಿಲ್ಲ. ಸರಿಯಾಗಿ ಕೂತಿದೆಯಾ ಅಂತ ಗೆಣ್ಣಲ್ಲಿ ಎರಡು ಸಲ ತಟ್ಟಿ ನೋಡಿ ಹೊರಟುಹೋದ. ಆಮೇಲೆ ಬಿದ್ದ ಗುಂಡು ಹಡಗಿನ ಪಕ್ಕೆ ಸೀಳ್ತು. ಎಂಟು ಜನ ಅಲ್ಲೇ ಹೋದ್ರು, ನಾನೊಬ್ಬ ನೀರಿಗೆ ಬಿದ್ದೆ. ವೈರಿಗಳು ಎತ್ಕೊಂಡ್ರು. ಅವರು ಬಿಟ್ಟು ಕಳಿಸಿದ ಮೇಲೂ ಮನೆ ಕಡೆ ಹೋಗೋಕೆ ಕಾಲು ಬರಲಿಲ್ಲ."

ಅಂಗಳದಾಚೆ ಯಾವುದೋ ಗಾಡಿ ಹೋದ ಸದ್ದು ಕೇಳಿತು. ಮುದುಕ ತಲೆಯೆತ್ತಿ ಬಡಗಿಯ ಕೈಯನ್ನೇ ನೋಡಿದ.

"ಕೆಲಸ ಚೆನ್ನಾಗಿ ಕಲಿತಿದೀಯ. ಆ ತಟ್ಟೋದನ್ನ ಕಲಿಸಿದ್ದು ಯಾರು?"

ಬಡಗಿ ಉಳಿಯನ್ನು ಕೆಳಗಿಟ್ಟ. ತಿರುಗಿ ಬಾಗಿಲು ತೆರೆದು ಪಕ್ಕಕ್ಕೆ ಸರಿದ. ಮುದುಕ ಅವನನ್ನು ದಾಟಿ, ನಡುಮನೆ ದಾಟಿ, ಒಳಕೋಣೆಯ ಮುಚ್ಚಿದ ಕದದ ಮುಂದೆ ಹೋಗಿ ನಿಂತ.

"ಅಣ್ಣಾ, ಈಗಲಾದ್ರೂ ಬಾಗಿಲು ತೆಗಿ."